ಕರ್ನಾಟಕದ ಮುಸ್ಲಿಂ ಸಮುದಾಯಗಳಲ್ಲಿ ನಿಕಾಹ್ ಕರಾರು: ನ್ಯಾಯಪಂಥಗಳ ಭೇದ ಮತ್ತು ಜನಪದ ಆಚರಣೆ

1. ಪೀಠಿಕೆ

ವಿವಾಹವು ಒಂದು ಸಂಸ್ಕಾರವೇ ಅಥವಾ ಒಪ್ಪಂದವೇ ಎಂಬ ಪ್ರಶ್ನೆ ಭಾರತೀಯ ಸಮಾಜಶಾಸ್ತ್ರದಲ್ಲಿಯೂ ಕಾನೂನು ಅಧ್ಯಯನದಲ್ಲಿಯೂ ಬಹುಕಾಲದಿಂದ ಚರ್ಚೆಗೆ ಒಳಗಾಗಿದೆ. ಇಸ್ಲಾಮಿನಲ್ಲಿ ನಿಕಾಹ್ ಒಂದು ‘ಅಖ್ದ್’, ಅಂದರೆ ಎರಡು ಪಕ್ಷಗಳ ನಡುವಿನ ಕರಾರು. ಆದರೆ ಕುರ್‌ಆನ್ ಇದನ್ನು ದೃಢವಾದ ಪ್ರತಿಜ್ಞೆಯೆಂದೂ ಕರೆದಿರುವುದರಿಂದ ವ್ಯಾಪಾರದ ಕರಾರಿಗೂ ನಿಕಾಹ್‌ಗೂ ವ್ಯತ್ಯಾಸವಿದೆ. ಈ ಕರಾರಿನ ಅಂಗಗಳು ಯಾವುವು, ಅದನ್ನು ಯಾರು ಮಾಡಿಕೊಡಬೇಕು, ಸಾಕ್ಷಿಗಳು ಎಷ್ಟು ಮಂದಿ, ಮೆಹರ್ ಎಷ್ಟಿರಬೇಕು, ಷರತ್ತುಗಳನ್ನು ಹಾಕಬಹುದೇ ಎಂಬ ವಿಷಯಗಳಲ್ಲಿ ಇಸ್ಲಾಮಿನ ನ್ಯಾಯಪಂಥಗಳು ಏಕಾಭಿಪ್ರಾಯ ಹೊಂದಿಲ್ಲ.

ಮುಸ್ಲಿಂ ಮದುವೆಯನ್ನು ಕುರಿತ ನಮ್ಮ ಜಾನಪದ ಬರೆಹಗಳು ಬಹುಮಟ್ಟಿಗೆ ಅರಿಷಿಣ, ಮೆಹಂದಿ, ಹಾಡು, ಊಟೋಪಚಾರಗಳ ವಿವರಣೆಗೆ ಸೀಮಿತವಾಗಿವೆ. ನಿಕಾಹ್‌ನ ಕರಾರು ಭಾಗವನ್ನು ‘ಶಾಸ್ತ್ರೋಕ್ತವಾದುದು, ಎಲ್ಲೆಡೆ ಒಂದೇ’ ಎಂದು ಭಾವಿಸಿ ಬದಿಗಿಡುವ ರೂಢಿಯಿದೆ. ಈ ಭಾವನೆ ಸರಿಯಲ್ಲ. ಹಾವೇರಿ ಜಿಲ್ಲೆಯ ಹಿರೇಕೆರೂರು ಸೀಮೆಯ ಮಾಸೂರಿನಲ್ಲಿ ನಡೆಯುವ ನಿಕಾಹ್‌ಗೂ ಘಟ್ಟದ ಕೆಳಗಿನ ಭಟ್ಕಳದಲ್ಲಿ ನಡೆಯುವ ನಿಕಾಹ್‌ಗೂ ಚಿಕ್ಕಬಳ್ಳಾಪುರ ಜಿಲ್ಲೆಯ ಅಲೀಪುರದಲ್ಲಿ ನಡೆಯುವ ನಿಕಾಹ್‌ಗೂ ಕರಾರಿನ ಮಟ್ಟದಲ್ಲಿಯೇ ಭಿನ್ನತೆಗಳಿವೆ. ಈ ಭಿನ್ನತೆಗಳ ಸ್ವರೂಪವನ್ನು ವಿವರಿಸುವುದು ಹಾಗೂ ಅವು ಹೆಣ್ಣಿನ ಸಮ್ಮತಿ ಮತ್ತು ಆಸ್ತಿಹಕ್ಕಿನ ಮೇಲೆ ಬೀರುವ ಪರಿಣಾಮವನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ನ್ಯಾಯಪಂಥಗಳು ಮತ್ತು ಕರ್ನಾಟಕದ ನೆಲ

ಸುನ್ನಿ ಸಂಪ್ರದಾಯದಲ್ಲಿ ನಾಲ್ಕು ನ್ಯಾಯಪಂಥಗಳು (ಮದ್‌ಹಬ್) ಉಳಿದುಬಂದಿವೆ. ಇಮಾಮ್ ಅಬೂ ಹನೀಫಾ (699–767), ಇಮಾಮ್ ಮಾಲಿಕ್ (ನಿಧನ 795), ಇಮಾಮ್ ಶಾಫಿ (767–820) ಮತ್ತು ಇಮಾಮ್ ಅಹ್ಮದ್ ಬಿನ್ ಹಂಬಲ್ (780–855) ಇವರ ಹೆಸರಿನಲ್ಲಿ ಕ್ರಮವಾಗಿ ಹನಫಿ, ಮಾಲಿಕಿ, ಶಾಫಿ ಮತ್ತು ಹಂಬಲಿ ಪಂಥಗಳು ಬೆಳೆದವು. ಶಿಯಾ ಸಂಪ್ರದಾಯದ ಇಮಾಮೀ ಶಾಖೆಯ ನ್ಯಾಯಪಂಥವು ಇಮಾಮ್ ಜಾಫರ್ ಸಾದಿಕ್ (ನಿಧನ 765) ಅವರ ಹೆಸರಿನಿಂದ ಜಾಫರಿ ಎನಿಸಿಕೊಂಡಿದೆ.

ಕರ್ನಾಟಕದಲ್ಲಿ ಇವುಗಳ ಹರಡುವಿಕೆ ಆಕಸ್ಮಿಕವಲ್ಲ. ಇಸ್ಲಾಂ ಬಂದ ದಾರಿಗಳನ್ನೇ ಅದು ತೋರಿಸುತ್ತದೆ. ಅರಬ್ಬೀ ಸಮುದ್ರದ ವ್ಯಾಪಾರದ ಮೂಲಕ ಬಂದ ಇಸ್ಲಾಂ ಕರಾವಳಿಗೆ ಶಾಫಿ ಪಂಥವನ್ನು ತಂದಿತು. ಹದಿನಾಲ್ಕನೆಯ ಶತಮಾನದಲ್ಲಿ ಹೊನ್ನಾವರಕ್ಕೆ ಬಂದಿದ್ದ ಇಬ್ನ್ ಬತೂತಾ ಅಲ್ಲಿನ ಮುಸ್ಲಿಮರು ಶಾಫಿ ಪಂಥದವರೆಂದೂ, ಊರಿನಲ್ಲಿ ಹೆಣ್ಣುಮಕ್ಕಳಿಗಾಗಿ 13 ಶಾಲೆಗಳೂ ಗಂಡುಮಕ್ಕಳಿಗಾಗಿ 23 ಶಾಲೆಗಳೂ ಇದ್ದವೆಂದೂ ದಾಖಲಿಸಿದ್ದಾನೆ. ಮಂಗಳೂರಿನಲ್ಲಿಯೂ ಆತ ಶಾಫಿ ಪಂಥದ ಖಾಜಿಯೊಬ್ಬರನ್ನು ಕಂಡ. ಇಂದಿಗೂ ಭಟ್ಕಳದ ನವಾಯತರು, ದಕ್ಷಿಣ ಕನ್ನಡ ಮತ್ತು ಉಡುಪಿಯ ಬ್ಯಾರಿಗಳು, ಕಾಸರಗೋಡು ಮತ್ತು ಕೊಡಗಿನ ಮಾಪಿಳ್ಳೆಯರು ಪ್ರಧಾನವಾಗಿ ಶಾಫಿಗಳು. ಹದಿನಾರನೆಯ ಶತಮಾನದಲ್ಲಿ ಪೊನ್ನಾನಿಯ ಝೈನುದ್ದೀನ್ ಮಖ್ದೂಮರು ರಚಿಸಿದ ‘ಫತ್‌ಹುಲ್ ಮುಈನ್’ ಈ ಭಾಗದ ದರ್ಸ್‌ಗಳಲ್ಲಿ ಪಠ್ಯವಾಗಿ ಬಳಕೆಯಲ್ಲಿದೆ.

ಒಳನಾಡಿಗೆ ಇಸ್ಲಾಂ ಬಂದುದು ಸುಲ್ತಾನರ ಆಳ್ವಿಕೆ, ಸೂಫಿ ಸಂತರು ಮತ್ತು ಸೈನಿಕ ವಲಸೆಗಳ ಮೂಲಕ. ಇಲ್ಲಿ ಹನಫಿ ಪಂಥ ನೆಲೆಯೂರಿತು. ಬಿಜಾಪುರದ ಆದಿಲಶಾಹಿ ಅರಸರು ಒಮ್ಮೆ ಶಿಯಾ, ಇನ್ನೊಮ್ಮೆ ಸುನ್ನಿ ಸಂಪ್ರದಾಯವನ್ನು ರಾಜ್ಯಧರ್ಮವಾಗಿ ಘೋಷಿಸಿದುದುಂಟು. ಯೂಸುಫ್ ಆದಿಲಶಾಹ ಶಿಯಾ ಮತವನ್ನು ಸಾರಿದರೆ ಮೊದಲನೆಯ ಇಬ್ರಾಹಿಂ 1534ರ ನಂತರ ಹನಫಿ ಸುನ್ನಿ ಪದ್ಧತಿಯನ್ನು ತಂದನು. ಅರಮನೆಯ ಈ ಏರಿಳಿತಗಳ ನಡುವೆಯೂ ಹಳ್ಳಿಗಾಡಿನ ಮುಸ್ಲಿಂ ಸಮುದಾಯಗಳು ಬಹುಪಾಲು ಹನಫಿಗಳಾಗಿಯೇ ಉಳಿದವು. 1884ರ ಧಾರವಾಡ ಜಿಲ್ಲಾ ಗ್ಯಾಸೆಟಿಯರ್ ವೃತ್ತಿ ಆಧಾರದ ಹಲವು ಮುಸ್ಲಿಂ ಪಂಗಡಗಳನ್ನು ಪಟ್ಟಿ ಮಾಡುತ್ತ ಅವುಗಳಲ್ಲಿ ಬಹುತೇಕರು ಹನಫಿ ಪಂಥದ ಸುನ್ನಿಗಳೆಂದು ಹೇಳುತ್ತದೆ. ಸವಣೂರಿನ ಪಠಾಣ ನವಾಬರ ಸಂಸ್ಥಾನವು 1948ರವರೆಗೆ ಈ ಸೀಮೆಯ ನಡುವೆಯೇ ಇತ್ತು. 1779ರಲ್ಲಿ ಹೈದರಾಲಿಯ ಮಗಳನ್ನು ಸವಣೂರು ನವಾಬನ ಮಗನಿಗೂ ನವಾಬನ ಮಗಳನ್ನು ಹೈದರನ ಮಗನಿಗೂ ಕೊಟ್ಟು ಮಾಡಿದ ಜೋಡಿ ಮದುವೆ, ನಿಕಾಹ್ ಎರಡು ಮನೆತನಗಳ ರಾಜಕೀಯ ಒಡಂಬಡಿಕೆಯೂ ಆಗಬಲ್ಲದೆಂಬುದಕ್ಕೆ ಈ ನೆಲದ ನಿದರ್ಶನ.

ಜಾಫರಿ ಪಂಥದವರು ಬೆಂಗಳೂರು, ಬೀದರ್ ಮುಂತಾದ ಕಡೆ ಇರುವರಾದರೂ ಗೌರಿಬಿದನೂರು ತಾಲ್ಲೂಕಿನ ಅಲೀಪುರವು ಶಿಯಾ ಬಹುಸಂಖ್ಯಾತ ಗ್ರಾಮವಾಗಿ ಪ್ರಸಿದ್ಧವಾಗಿದೆ. ಮಾಲಿಕಿ ಮತ್ತು ಹಂಬಲಿ ಪಂಥಗಳಿಗೆ ನಮ್ಮಲ್ಲಿ ನೆಲೆಸಿದ ಅನುಯಾಯಿ ಸಮುದಾಯಗಳಿಲ್ಲ. ಆದರೂ ಈ ಎರಡು ಪಂಥಗಳ ವಿಚಾರಗಳು ಬೇರೆ ದಾರಿಯಿಂದ ನಮ್ಮವರ ಬದುಕನ್ನು ಮುಟ್ಟಿವೆ ಎಂಬುದನ್ನು ಮುಂದೆ ನೋಡಬಹುದು.

3. ಕರಾರಿನ ಮಾತು: ಈಜಾಬ್ ಮತ್ತು ಖಬೂಲ್

ಎಲ್ಲ ಪಂಥಗಳಿಗೂ ಸಾಮಾನ್ಯವಾದ ಅಂಶವೆಂದರೆ ಒಂದು ಪಕ್ಷದ ಪ್ರಸ್ತಾವ (ಈಜಾಬ್) ಮತ್ತು ಇನ್ನೊಂದು ಪಕ್ಷದ ಸ್ವೀಕಾರ (ಖಬೂಲ್). ಎರಡೂ ಒಂದೇ ಬೈಠಕ್ಕಿನಲ್ಲಿ ನಡೆಯಬೇಕು. ಯಾವ ಮಾತಿನಲ್ಲಿ ಎಂಬಲ್ಲಿ ಭಿನ್ನತೆ ತೊಡಗುತ್ತದೆ. ಶಾಫಿ ಪಂಥವು ನಿಕಾಹ್ ಮತ್ತು ತಜ್ವೀಜ್ ಎಂಬ ಎರಡು ಧಾತುಗಳಿಂದ ಹುಟ್ಟಿದ ಮಾತುಗಳನ್ನು ಅಥವಾ ಅವುಗಳ ನೇರ ಅರ್ಥ ಕೊಡುವ ಅನ್ಯಭಾಷೆಯ ಮಾತುಗಳನ್ನು ಮಾತ್ರ ಒಪ್ಪುತ್ತದೆ. ಹನಫಿ ಪಂಥವು ‘ದಾನ ಕೊಟ್ಟೆ’, ‘ಒಡೆತನಕ್ಕೆ ಕೊಟ್ಟೆ’ ಎಂಬಂಥ ಮಾತುಗಳನ್ನೂ ಮದುವೆಯ ಉದ್ದೇಶ ಸ್ಪಷ್ಟವಿದ್ದಲ್ಲಿ ಸಿಂಧುವೆನ್ನುತ್ತದೆ. ಜಾಫರಿ ಪಂಥದಲ್ಲಿ ಸಾಧ್ಯವಿರುವಲ್ಲಿ ಅರಬ್ಬಿಯ ನಿಶ್ಚಿತ ವಾಕ್ಯಗಳನ್ನೇ ಉಚ್ಚರಿಸಬೇಕು. ಆದುದರಿಂದ ವಧೂವರರಿಬ್ಬರೂ ತಮ್ಮ ಪರವಾಗಿ ವಿದ್ವಾಂಸರನ್ನು ವಕೀಲರನ್ನಾಗಿ ನೇಮಿಸುವುದು ಅಲ್ಲಿ ಸಾಮಾನ್ಯ.

ಒಳನಾಡಿನ ಹನಫಿ ನಿಕಾಹ್‌ನಲ್ಲಿ ವಧುವಿನ ಕಡೆಯಿಂದ ಒಬ್ಬ ವಕೀಲನೂ ಇಬ್ಬರು ‘ಗವಾ’ಗಳೂ (ಸಾಕ್ಷಿಗಳು) ಹೆಂಗಸರಿರುವ ಕೋಣೆಗೆ ಹೋಗಿ, ಇಂಥವರ ಮಗನಾದ ಇಂಥವನೊಂದಿಗೆ ಇಷ್ಟು ಮೆಹರ್‌ಗೆ ನಿಕಾಹ್ ಮಾಡಿಸಲು ಒಪ್ಪಿಗೆಯೇ ಎಂದು ಕೇಳುತ್ತಾರೆ. ಮೂರು ಬಾರಿ ಕೇಳುವುದು ವಾಡಿಕೆ. ಅನಂತರ ಗಂಡಸರ ಸಭೆಗೆ ಬಂದು ಖಾಜಿಗೆ ತಿಳಿಸುತ್ತಾರೆ. ಖಾಜಿ ಖುತ್ಬಾ ಓದಿ ವರನಿಂದ ಖಬೂಲ್ ಹೇಳಿಸುತ್ತಾರೆ. ಕರಾವಳಿಯ ಶಾಫಿ ನಿಕಾಹ್‌ನಲ್ಲಿ ದೃಶ್ಯ ಬೇರೆ. ವಧುವಿನ ತಂದೆಯೇ ವರನ ಎದುರು ಕುಳಿತು ಅವನ ಕೈಹಿಡಿದು ‘ನನ್ನ ಮಗಳನ್ನು ಇಷ್ಟು ಮಹರ್‌ಗೆ ನಿನಗೆ ನಿಕಾಹ್ ಮಾಡಿಕೊಟ್ಟೆ’ ಎಂಬರ್ಥದ ಮಾತನ್ನು ಹೇಳುತ್ತಾನೆ ಅಥವಾ ಖತೀಬರಿಗೆ ಆ ಅಧಿಕಾರವನ್ನು ವಹಿಸುತ್ತಾನೆ. ಹೊರನೋಟಕ್ಕೆ ಇದು ಕೇವಲ ಆಚರಣೆಯ ವ್ಯತ್ಯಾಸ. ವಸ್ತುತಃ ಇದರ ಹಿಂದೆ ‘ಕರಾರಿನ ಪಕ್ಷಗಾರ್ತಿ ಯಾರು’ ಎಂಬ ಮೂಲಭೂತ ಪ್ರಶ್ನೆಯಿದೆ.

4. ವಲಿ: ಕರಾರು ಮಾಡಿಕೊಡುವ ಅಧಿಕಾರ

ವಧುವಿನ ಪರವಾಗಿ ನಿಲ್ಲುವ ರಕ್ಷಕನಿಗೆ ವಲಿ ಎನ್ನುತ್ತಾರೆ. ಹನಫಿ ಪಂಥದ ಪ್ರಧಾನ ಅಭಿಪ್ರಾಯದಂತೆ ಪ್ರಾಪ್ತ ವಯಸ್ಸಿನ, ಸ್ವಸ್ಥ ಬುದ್ಧಿಯ ಹೆಣ್ಣು ತನ್ನ ನಿಕಾಹ್ ಕರಾರನ್ನು ತಾನೇ ಮಾಡಿಕೊಳ್ಳಬಲ್ಲಳು. ವರ ಸಮಾನ ಅಂತಸ್ತಿನವನಲ್ಲದಿದ್ದರೆ (ಕಫಾಅತ್) ಅಥವಾ ಮೆಹರ್ ಆಕೆಯ ಮನೆತನದ ರೂಢಿಗಿಂತ ಕಡಿಮೆಯಿದ್ದರೆ ಆಕ್ಷೇಪಿಸುವ ಹಕ್ಕು ವಲಿಗೆ ಉಂಟು. ಶಾಫಿ, ಮಾಲಿಕಿ ಮತ್ತು ಹಂಬಲಿ ಪಂಥಗಳಲ್ಲಿ ವಲಿಯಿಲ್ಲದೆ ನಿಕಾಹ್ ಇಲ್ಲ. ಹೆಣ್ಣು ತಾನಾಗಿ ಉಚ್ಚರಿಸಿದ ಈಜಾಬ್‌ಗೆ ಅಲ್ಲಿ ಸಿಂಧುತ್ವವಿಲ್ಲ.

ಶಾಫಿ ಪಂಥದಲ್ಲಿ ತಂದೆ ಹಾಗೂ ತಂದೆಯ ತಂದೆಗೆ ‘ಮುಜ್‌ಬಿರ್’ ಎಂಬ ವಿಶೇಷ ಅಧಿಕಾರವಿದೆ. ಅವಿವಾಹಿತ ಮಗಳ ನಿಕಾಹ್ ಅನ್ನು ಅವರು ನಿರ್ಧರಿಸಬಲ್ಲರು. ಮಗಳ ಒಪ್ಪಿಗೆ ಕೇಳುವುದು ಉತ್ತಮವೆಂದು ಹೇಳಲಾಗಿದೆಯೇ ಹೊರತು ಶಾಸ್ತ್ರಗ್ರಂಥಗಳಲ್ಲಿ ಅದು ಕಡ್ಡಾಯವಲ್ಲ. ಆದರೆ ಈ ಅಧಿಕಾರ ನಿರಂಕುಶವಲ್ಲ. ವರ ಸಮಾನನಾಗಿರಬೇಕು, ಮಹರ್ ಯೋಗ್ಯ ಪ್ರಮಾಣದ್ದಾಗಿರಬೇಕು, ತಂದೆಗೂ ಮಗಳಿಗೂ ನಡುವೆ ಪ್ರಕಟ ವೈರವಿರಬಾರದು. ಒಮ್ಮೆ ಮದುವೆಯಾಗಿ ವಿಧವೆಯೋ ವಿಚ್ಛೇದಿತೆಯೋ ಆದವಳ ಸ್ಪಷ್ಟ ಒಪ್ಪಿಗೆಯನ್ನು ಎಲ್ಲ ಪಂಥಗಳೂ ಅಗತ್ಯವೆನ್ನುತ್ತವೆ. ವಲಿ ಅಕಾರಣವಾಗಿ ಯೋಗ್ಯ ವರನನ್ನು ನಿರಾಕರಿಸಿದರೆ ಅಧಿಕಾರ ಖಾಜಿಗೆ ವರ್ಗವಾಗುತ್ತದೆ. ವಲಿ ದೂರಪ್ರಯಾಣದಲ್ಲಿದ್ದಾಗಲೂ ಖಾಜಿ ಆ ಸ್ಥಾನದಲ್ಲಿ ನಿಲ್ಲಬಹುದು. ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ತಂದೆಯರಿರುವ ಕರಾವಳಿಯ ಕುಟುಂಬಗಳಲ್ಲಿ ಈ ನಿಯಮಕ್ಕೂ, ತಂದೆ ಅಲ್ಲಿಂದಲೇ ಅಧಿಕಾರ ವಹಿಸಿಕೊಡುವ ಪದ್ಧತಿಗೂ ನಿತ್ಯದ ಪ್ರಸ್ತುತತೆ ಇದೆ.

ಜಾಫರಿ ಪಂಥದಲ್ಲಿ ವಿವೇಕವುಳ್ಳ ಪ್ರಾಪ್ತ ಹೆಣ್ಣಿನ ಸಮ್ಮತಿ ಅನಿವಾರ್ಯ. ಅವಿವಾಹಿತೆಗೆ ತಂದೆಯ ಅಥವಾ ತಂದೆಯ ತಂದೆಯ ಅನುಮತಿಯೂ ಬೇಕೇ ಎಂಬಲ್ಲಿ ವಿದ್ವಾಂಸರಲ್ಲಿ ಮತಭೇದವಿದೆ. ಈಚಿನ ಅನೇಕ ಮುಜ್ತಹಿದರು ಬೇಕೆನ್ನುತ್ತಾರೆ. ಯಾವ ಪಂಥಕ್ಕೂ ತಮ್ಮನ್ನು ಒಪ್ಪಿಸಿಕೊಳ್ಳದ ಅಹ್ಲೆ ಹದೀಸ್ ಸಮುದಾಯದವರು ಈ ಒಂದು ವಿಷಯದಲ್ಲಿ ಶಾಫಿಗಳಂತೆ ವಲಿಯನ್ನು ಕಡ್ಡಾಯವೆಂದು ಭಾವಿಸುತ್ತಾರೆ.

ಸಮ್ಮತಿಯ ಅಭಿವ್ಯಕ್ತಿ ಹೇಗೆ ಎಂಬುದು ಜಾನಪದ ವಿದ್ಯಾರ್ಥಿಗೆ ಅತ್ಯಂತ ಮಹತ್ವದ ಅಂಶ. ಹನಫಿ ಗ್ರಂಥಗಳು ಅವಿವಾಹಿತೆಯ ಮೌನವನ್ನು, ಮುಗುಳ್ನಗೆಯನ್ನು, ಸದ್ದಿಲ್ಲದ ಕಣ್ಣೀರನ್ನು ಒಪ್ಪಿಗೆಯೆಂದು ಪರಿಗಣಿಸುತ್ತವೆ. ಆದರೆ ಇದು ವಲಿ ಅಥವಾ ಅವನು ಕಳುಹಿದವನು ಕೇಳಿದಾಗ ಮಾತ್ರ. ಹೊರಗಿನವನು ಕೇಳಿದಾಗ ಬಾಯಿಂದ ಮಾತು ಬರಬೇಕು. ಗದ್ದಲದ ನಡುವೆ ಮುಸುಕಿನೊಳಗಿನ ಹುಡುಗಿಗೆ ಪಕ್ಕದ ಹಿರಿಯ ಹೆಂಗಸರು ‘ಹೂಂ ಅನ್ನಬೇ’ ಎಂದು ಒತ್ತಾಯಿಸುವುದೂ, ಮೂರನೆಯ ಬಾರಿಗೆ ಕೇಳಿಸಿದ ಒಂದು ‘ಹೂಂ’ಕಾರವೇ ಕರಾರಿನ ಆಧಾರವಾಗುವುದೂ ನಮ್ಮ ಹಳ್ಳಿಗಳಲ್ಲಿ ಅಪರೂಪವಲ್ಲ. ಹನಫಿ ಪಂಥವು ಸಿದ್ಧಾಂತದಲ್ಲಿ ಹೆಣ್ಣಿಗೆ ಕೊಟ್ಟ ಸ್ವಾತಂತ್ರ್ಯವನ್ನು ಸಂಪ್ರದಾಯದ ಲಜ್ಜೆ ಕಿರಿದುಗೊಳಿಸಿದೆ. ಇತ್ತ ಶಾಫಿ ಸಮುದಾಯಗಳಲ್ಲಿ ಶಾಸ್ತ್ರವು ಕಡ್ಡಾಯಗೊಳಿಸದಿದ್ದರೂ ಮಗಳ ಒಪ್ಪಿಗೆ ಪಡೆದೇ ಮುಂದುವರಿಯುವ ರೂಢಿ ಬೆಳೆದಿದೆ. ಗ್ರಂಥವನ್ನು ಮಾತ್ರ ನೋಡಿ ಆಚರಣೆಯನ್ನು ಊಹಿಸಲಾಗದೆಂಬುದಕ್ಕೆ ಇದು ಸಾಕ್ಷಿ.

5. ಸಾಕ್ಷಿಗಳು

ಹನಫಿ ಪಂಥದಲ್ಲಿ ಇಬ್ಬರು ಪುರುಷರು ಅಥವಾ ಒಬ್ಬ ಪುರುಷ ಮತ್ತು ಇಬ್ಬರು ಸ್ತ್ರೀಯರು ಸಾಕ್ಷಿಗಳಾಗಿರಬಹುದು. ಸಾಕ್ಷಿಗಳ ಶೀಲದ ಬಗೆಗೆ ಅದು ಬಿಗಿಯಾಗಿಲ್ಲ. ಶಾಫಿ ಪಂಥವು ಸಚ್ಚರಿತರಾದ ಇಬ್ಬರು ಪುರುಷರನ್ನೇ ಬಯಸುತ್ತದೆ. ಹಂಬಲಿ ಪಂಥವೂ ಇದಕ್ಕೆ ಸಮೀಪದಲ್ಲಿದೆ. ಮಾಲಿಕಿ ಪಂಥದಲ್ಲಿ ಕರಾರಿನ ಗಳಿಗೆಯಲ್ಲಿಯೇ ಸಾಕ್ಷಿಗಳಿರಬೇಕಿಲ್ಲ. ದಾಂಪತ್ಯ ಆರಂಭವಾಗುವ ಮೊದಲು ಸಾಕ್ಷಿಗಳ ಎದುರು ಪ್ರಕಟಿಸಿದರೆ ಸಾಕು. ಗುಟ್ಟಿನ ಮದುವೆಯನ್ನು ಮಾತ್ರ ಅದು ಒಪ್ಪುವುದಿಲ್ಲ.

ಜಾಫರಿ ಪಂಥದ ನಿಲುವು ಇನ್ನೂ ಕುತೂಹಲಕರ. ಅಲ್ಲಿ ನಿಕಾಹ್‌ಗೆ ಸಾಕ್ಷಿಗಳು ಅಪೇಕ್ಷಣೀಯರೇ ಹೊರತು ಅಗತ್ಯವಲ್ಲ. ಆದರೆ ತಲಾಖ್‌ಗೆ ಇಬ್ಬರು ನ್ಯಾಯವಂತ ಸಾಕ್ಷಿಗಳು ಅನಿವಾರ್ಯ. ಸುನ್ನಿ ಪಂಥಗಳ ಸಾಂಪ್ರದಾಯಿಕ ನಿಲುವು ಇದಕ್ಕೆ ವಿರುದ್ಧ. ಕೂಡುವುದಕ್ಕೆ ಸಾಕ್ಷಿ ಬೇಕು, ಅಗಲುವುದಕ್ಕೆ ಬೇಕಿಲ್ಲ. ಒಂದು ಪಂಥ ಸಂಬಂಧದ ಆರಂಭಕ್ಕೆ ಬಾಗಿಲು ಕಾದರೆ ಇನ್ನೊಂದು ಅದರ ಅಂತ್ಯಕ್ಕೆ ಕಾದಿದೆ. ಒಂದೇ ಉಸಿರಿನ ಮೂರು ತಲಾಖನ್ನು ಜಾಫರಿ ಪಂಥ ಒಪ್ಪದಿರುವುದಕ್ಕೂ ಈ ದೃಷ್ಟಿಗೂ ಹೊಂದಿಕೆಯಿದೆ. ಜಾಫರಿ ಪಂಥ ಮಾತ್ರ ಮಾನ್ಯ ಮಾಡುವ, ಅವಧಿ ಮತ್ತು ಮೆಹರ್ ಎರಡನ್ನೂ ಮೊದಲೇ ನಿಗದಿಪಡಿಸಬೇಕಾದ ‘ಮುತಾ’ ಎಂಬ ಅವಧಿವಿವಾಹವನ್ನು ನಾಲ್ಕೂ ಸುನ್ನಿ ಪಂಥಗಳು ನಿಷೇಧಿಸುತ್ತವೆ.

6. ಮೆಹರ್: ಕರಾರಿನ ಆರ್ಥಿಕ ತಿರುಳು

ಮೆಹರ್ ಎಂದರೆ ವರನು ವಧುವಿಗೆ ಕೊಡಬೇಕಾದ ಧನ. ಇದು ವಧುವಿನ ತಂದೆಗೆ ಸಲ್ಲುವ ತೆರವಲ್ಲ, ಅವಳ ಸ್ವಂತ ಆಸ್ತಿ. ಕರಾರಿನಲ್ಲಿ ಮೆಹರ್ ನಮೂದಾಗದಿದ್ದರೂ ನಿಕಾಹ್ ಅಸಿಂಧುವಾಗುವುದಿಲ್ಲ. ಆಕೆಯ ತಂದೆಯ ಕಡೆಯ ಹೆಣ್ಣುಮಕ್ಕಳಿಗೆ ಸಂದ ಪ್ರಮಾಣದ ‘ಮೆಹ್ರುಲ್ ಮಿಸ್ಲ್’ ಆಕೆಗೂ ಸಲ್ಲುತ್ತದೆ.

ಕನಿಷ್ಠ ಪ್ರಮಾಣದಲ್ಲಿ ಪಂಥಭೇದವಿದೆ. ಹನಫಿಗಳಲ್ಲಿ 10 ದಿರ್ಹಮ್, ಅಂದರೆ ಸುಮಾರು 30.6 ಗ್ರಾಂ ಬೆಳ್ಳಿ. ಮಾಲಿಕಿಗಳಲ್ಲಿ 3 ದಿರ್ಹಮ್ ಬೆಳ್ಳಿ ಅಥವಾ ಕಾಲು ದಿನಾರ್ ಚಿನ್ನ. ಶಾಫಿ, ಹಂಬಲಿ ಮತ್ತು ಜಾಫರಿ ಪಂಥಗಳಲ್ಲಿ ಕನಿಷ್ಠ ಮಿತಿಯಿಲ್ಲ, ಬೆಲೆಯುಳ್ಳದ್ದು ಯಾವುದಾದರೂ ಆದೀತು. ಗರಿಷ್ಠ ಮಿತಿಯನ್ನು ಯಾರೂ ಹಾಕಿಲ್ಲ. 500 ದಿರ್ಹಮ್ ಪ್ರಮಾಣದ, ‘ಮೆಹ್ರೆ ಫಾತಿಮಿ’ ಎಂದು ಪ್ರಸಿದ್ಧವಾದ ಮೆಹರ್ ಭಾರತದ ಲೆಕ್ಕದಲ್ಲಿ 131¼ ತೊಲೆ, ಅಂದರೆ ಸುಮಾರು 1.53 ಕಿಲೋಗ್ರಾಂ ಬೆಳ್ಳಿಗೆ ಸಮ. ಶಿಯಾಗಳಲ್ಲಿಯೂ 500 ದಿರ್ಹಮ್ ಅನ್ನು ಸುನ್ನತ್‌ನ ಪ್ರಮಾಣವೆಂದು ಗೌರವಿಸುತ್ತಾರೆ.

ಪಾವತಿಯ ಕಾಲದ ಪ್ರಶ್ನೆ ಪ್ರಮಾಣಕ್ಕಿಂತ ಮುಖ್ಯವಾದುದು. ಕೇಳಿದ ಕೂಡಲೇ ಕೊಡಬೇಕಾದುದು ‘ಮುಅಜ್ಜಲ್’, ಮುಂದೂಡಿದ್ದು ‘ಮುವಜ್ಜಲ್’. ಉಚ್ಚಾರದಲ್ಲಿ ಹತ್ತಿರವಿರುವ ಈ ಎರಡು ಪದಗಳ ನಡುವಿನ ಅಂತರ ಒಂದು ಹೆಣ್ಣಿನ ಬದುಕಿನಷ್ಟು ದೊಡ್ಡದು. ಹನಫಿ ಪಂಥದಲ್ಲಿ ಸಾವು ಅಥವಾ ತಲಾಖಿನವರೆಗೆ ಮುಂದೂಡುವ ರೂಢಿಗೆ ಮಾನ್ಯತೆಯಿದೆ. ಕರಾರು ಮೌನವಾಗಿದ್ದರೆ ಎಷ್ಟು ಭಾಗ ತಕ್ಷಣದ್ದು ಎಂಬುದನ್ನು ಸ್ಥಳೀಯ ರೂಢಿಯಿಂದ ನಿರ್ಣಯಿಸಲಾಗುತ್ತದೆ. ಶಾಫಿ ಪಂಥವು ಅನಿಶ್ಚಿತ ಗಡುವನ್ನು ಒಪ್ಪುವುದಿಲ್ಲ. ದಿನ ಗೊತ್ತಿಲ್ಲದ ಮುಂದೂಡಿಕೆಯಿಂದ ನಿಗದಿತ ಮಹರ್ ಬಿದ್ದುಹೋಗಿ ಮೆಹ್ರುಲ್ ಮಿಸ್ಲ್ ಬಾಧ್ಯತೆಯಾಗುತ್ತದೆ. ಭಾರತದ ನ್ಯಾಯಾಲಯಗಳು ಜಾಫರಿ ಕರಾರು ಮೌನವಾಗಿದ್ದಲ್ಲಿ ಇಡೀ ಮೆಹರ್ ತಕ್ಷಣದ್ದೆಂದು ಪರಿಗಣಿಸಿವೆ.

ಇದರ ಫಲವನ್ನು ನಮ್ಮ ನಾಡಿನಲ್ಲಿಯೇ ಕಾಣಬಹುದು. ಕರಾವಳಿಯ ಬ್ಯಾರಿ, ಮಾಪಿಳ್ಳೆ ಸಮುದಾಯಗಳಲ್ಲಿ ಮಹರ್ ಹೆಚ್ಚಾಗಿ ಪವನ್ ಲೆಕ್ಕದ ಚಿನ್ನವಾಗಿದ್ದು ನಿಕಾಹ್‌ನ ಹೊತ್ತಿನಲ್ಲಿಯೇ ಕೈಸೇರುತ್ತದೆ. ಒಳನಾಡಿನಲ್ಲಿ ರೂಪಾಯಿಯ ಲೆಕ್ಕದಲ್ಲಿ ಬರೆದು ಮುಂದೂಡುವುದು ವ್ಯಾಪಕವಾಗಿತ್ತು. 786 ಎಂಬಂಥ ಮಂಗಳಸೂಚಕ ಸಂಖ್ಯೆಗಳೇ ಮೆಹರ್ ಆಗುವುದೂ ಉಂಟು. ರೂಪಾಯಿಯ ಬೆಲೆ ಇಳಿದಂತೆ ಇಂಥ ಬಾಕಿ ಮೆಹರ್ ಹೆಸರಿಗಷ್ಟೇ ಉಳಿಯುತ್ತದೆ. ಗಂಡ ತೀರಿಹೋದಾಗ ಹೆಣದ ಮುಂದೆ ವಿಧವೆಯಿಂದ ‘ಮೆಹರ್ ಮಾಫ್’ ಹೇಳಿಸುವ ರೂಢಿ ಅನೇಕ ಕಡೆ ಕಂಡುಬರುತ್ತದೆ. ಕಾನೂನಿನ ದೃಷ್ಟಿಯಲ್ಲಿ ಬಾಕಿ ಮೆಹರ್ ಮೃತನ ಸಾಲ. ಆಸ್ತಿ ಹಂಚಿಕೆಗೆ ಮೊದಲೇ ಅದು ತೀರಬೇಕು. ದುಃಖದ ಗಳಿಗೆಯಲ್ಲಿ ನುಡಿಸಿದ ಎರಡು ಮಾತಿನಿಂದ ಆ ಸಾಲ ಮನ್ನಾ ಆಗಬೇಕೆಂದು ನಿರೀಕ್ಷಿಸುವುದು ನ್ಯಾಯವೂ ಅಲ್ಲ, ಮುಕ್ತ ಸಮ್ಮತಿಯನ್ನು ಬಯಸುವ ಶಾಸ್ತ್ರಕ್ಕೆ ಸಮ್ಮತವೂ ಅಲ್ಲ.

ಏಕಾಂತಕ್ಕೂ ಮೆಹರ್‌ಗೂ ಇರುವ ಸಂಬಂಧದಲ್ಲಿ ಇನ್ನೊಂದು ಭೇದವಿದೆ. ದಾಂಪತ್ಯಕ್ಕೆ ಮೊದಲೇ ಗಂಡ ತಲಾಖ್ ಕೊಟ್ಟರೆ ನಿಗದಿಯಾದ ಮೆಹರ್‌ನ ಅರ್ಧ ಸಲ್ಲುತ್ತದೆ. ಹನಫಿ ಪಂಥವು ಅಡ್ಡಿಯಿಲ್ಲದ ಏಕಾಂತವನ್ನೇ (ಖಲ್ವತೆ ಸಹೀಹಾ) ದಾಂಪತ್ಯಕ್ಕೆ ಸಮವೆಂದು ಭಾವಿಸಿ ಪೂರ್ತಿ ಮೆಹರ್ ಕೊಡಿಸುತ್ತದೆ. ಶಾಫಿ ಪಂಥದ ಅಂಗೀಕೃತ ನಿಲುವು ಹಾಗೂ ಜಾಫರಿ ಪಂಥ ಏಕಾಂತವೊಂದೇ ಸಾಲದೆನ್ನುತ್ತವೆ.

7. ಷರತ್ತುಗಳು

ಕರಾರೆಂದ ಮೇಲೆ ಷರತ್ತುಗಳನ್ನು ಸೇರಿಸಬಹುದೇ? ‘ಎರಡನೆಯ ಮದುವೆಯಾಗಕೂಡದು’, ‘ತವರೂರಿನಿಂದ ದೂರ ಒಯ್ಯಕೂಡದು’ ಎಂಬ ಷರತ್ತುಗಳನ್ನು ಹಂಬಲಿ ಪಂಥ ಮಾನ್ಯ ಮಾಡುತ್ತದೆ. ಗಂಡ ಮುರಿದರೆ ಹೆಂಡತಿ ನಿಕಾಹ್‌ನಿಂದ ಬಿಡುಗಡೆ ಪಡೆಯಬಹುದು. ಅತ್ಯಂತ ಕಟ್ಟುನಿಟ್ಟಿನ ಪಂಥವೆಂದು ಸಾಮಾನ್ಯವಾಗಿ ಭಾವಿಸಲಾದ ಹಂಬಲಿಯೇ ಈ ವಿಷಯದಲ್ಲಿ ಅತ್ಯಂತ ಉದಾರವಾಗಿರುವುದು ಗಮನಾರ್ಹ. ಹನಫಿ ಮತ್ತು ಶಾಫಿ ಪಂಥಗಳು ಕರಾರನ್ನು ಉಳಿಸಿ ಷರತ್ತನ್ನು ಅಸಿಂಧುವೆನ್ನುತ್ತವೆ. ಆದರೆ ಹನಫಿ ಪಂಥದಲ್ಲಿ ‘ತಫ್ವೀಜ್’ ಎಂಬ ಇನ್ನೊಂದು ಮಾರ್ಗವಿದೆ. ಗಂಡನು ತಲಾಖಿನ ಅಧಿಕಾರವನ್ನು ನಿರ್ದಿಷ್ಟ ಸಂದರ್ಭಗಳಿಗಾಗಿ ಹೆಂಡತಿಗೇ ವಹಿಸಿಕೊಡಬಹುದು. ಬಂಗಾಳದ ಕಾಬಿನ್‌ನಾಮಾಗಳಲ್ಲಿ ಇದು ಬಳಕೆಯಾಗಿದೆ. ಜಾಫರಿ ಪಂಥದಲ್ಲಿ ಹೆಂಡತಿಯನ್ನು ಗಂಡನ ವಕೀಲಳನ್ನಾಗಿ ನೇಮಿಸುವ ಷರತ್ತಿನಿಂದ ಇದೇ ಫಲ ದೊರೆಯುತ್ತದೆ.

ಟ್ಯುನೀಸಿಯಾದ ಖೈರವಾನ್ ಪಟ್ಟಣದ ಮದುವೆ ಪತ್ರಗಳಲ್ಲಿ ಏಕಪತ್ನಿತ್ವದ ಷರತ್ತು ಪೂರ್ವಕಾಲದಿಂದಲೂ ರೂಢಿಯಾಗಿತ್ತು. 1917ರ ಒಟ್ಟೊಮನ್ ಕುಟುಂಬ ಕಾನೂನು ಹನಫಿ ರಾಜ್ಯದಲ್ಲಿಯೂ ಹಂಬಲಿ ಮಾರ್ಗವನ್ನು ಅನುಸರಿಸಿ ಇಂಥ ಷರತ್ತನ್ನು ಒಪ್ಪಿತು. ಮಾಲಿಕಿ ನಾಡಾದ ಮೊರಾಕ್ಕೊ 2004ರ ಸಂಹಿತೆಯಲ್ಲಿ ಪ್ರಾಪ್ತ ಹೆಣ್ಣು ವಲಿಯಿಲ್ಲದೆಯೂ ಕರಾರು ಮಾಡಿಕೊಳ್ಳಬಹುದೆಂದಿತು. ಪಂಥಗಳ ಗೆರೆಗಳು ದಾಟಲಾಗದ ಗೋಡೆಗಳಲ್ಲವೆಂಬುದಕ್ಕೆ ಇವು ನಿದರ್ಶನ. ಭಾರತದಲ್ಲಿ ಅಖಿಲ ಭಾರತ ಮುಸ್ಲಿಂ ವೈಯಕ್ತಿಕ ಕಾನೂನು ಮಂಡಳಿ 2005ರಲ್ಲಿ ಮಾದರಿ ನಿಕಾಹ್‌ನಾಮಾ ಒಂದನ್ನು ಪ್ರಕಟಿಸಿತು. ಮಹಿಳಾ ಮಂಡಳಿ 2008ರಲ್ಲಿ ತನ್ನದೇ ಮಾದರಿಯನ್ನು ಮುಂದಿಟ್ಟಿತು. ಆದರೆ ನಮ್ಮ ಹಳ್ಳಿಯ ಮಸೀದಿಗಳ ನಿಕಾಹ್ ದಫ್ತರಗಳಲ್ಲಿ ಷರತ್ತುಗಳಿಗೆ ಸಾಮಾನ್ಯವಾಗಿ ಸ್ಥಳವೇ ಇರುವುದಿಲ್ಲ. ಹೆಸರು, ಮೆಹರ್, ವಕೀಲ, ಸಾಕ್ಷಿ, ರುಜು ಇಷ್ಟಕ್ಕೇ ಅದು ಮುಗಿಯುತ್ತದೆ.

8. ಕರಾರು ಮತ್ತು ಜನಪದ ಆಚರಣೆ

ದಖ್ಖನಿನ ಮುಸ್ಲಿಂ ಆಚರಣೆಗಳನ್ನು ವಿವರವಾಗಿ ದಾಖಲಿಸಿದ ಮೊದಲಿನ ಕೃತಿಗಳಲ್ಲಿ 1832ರಲ್ಲಿ ಹರ್ಕ್ಲಾಟ್ಸ್ ಪ್ರಕಟಿಸಿದ ಜಾಫರ್ ಶರೀಫರ ‘ಖಾನೂನೆ ಇಸ್ಲಾಂ’ ಮುಖ್ಯವಾದುದು. ಕರಾವಳಿಗೆ ಸಂಬಂಧಿಸಿ ವಿಕ್ಟರ್ ಡಿಸೋಜಾ ಅವರ ನವಾಯತರ ಅಧ್ಯಯನ 1955ರಲ್ಲಿ ಧಾರವಾಡದ ಕನ್ನಡ ಸಂಶೋಧನಾ ಸಂಸ್ಥೆಯಿಂದ ಹೊರಬಂದಿತು. ಮದುವೆ ಎಂಬುದು ನಿಕಾಹ್‌ನ ಕೆಲವು ನಿಮಿಷಗಳಿಗಿಂತ ಬಹು ದೊಡ್ಡದೆಂಬುದು ಇಂಥ ಕೃತಿಗಳಿಂದ ವಿದಿತವಾಗುತ್ತದೆ.

ಹಾವೇರಿ-ಧಾರವಾಡ ಭಾಗದ ಕನ್ನಡ ಮತ್ತು ದಖ್ಖನಿ ಮಾತನಾಡುವ ಕುಟುಂಬಗಳಲ್ಲಿ ಹಂದರ ಹಾಕುವುದು, ಅರಿಷಿಣ ಹಚ್ಚುವುದು, ಬಳೆ ಇಡಿಸುವುದು, ಉಡಿ ತುಂಬುವುದು, ಕರಿಮಣಿ ಕಟ್ಟುವುದು ಇವೆಲ್ಲ ನೆರೆಯ ಸಮುದಾಯಗಳೊಂದಿಗೆ ಹಂಚಿಕೊಂಡ ಆಚರಣೆಗಳು. ಸೆಹರಾ, ಜಲ್ವಾ, ಜುಮ್ಮಗಿ ಮೊದಲಾದುವು ದಖ್ಖನಿನ ವಿಶಿಷ್ಟ ವಿಧಿಗಳು. ಇವು ಯಾವುವೂ ಕರಾರಿನ ಅಂಗಗಳಲ್ಲ. ಆದರೆ ಸಮುದಾಯದ ಕಣ್ಣಿನಲ್ಲಿ ಹೆಣ್ಣು ‘ಮದುವೆಯಾದವಳು’ ಎನಿಸುವುದು ಕರಿಮಣಿಯಿಂದ. ಕರಾರಿನ ಕಾಗದವನ್ನು ನೋಡಿದವರು ವಿರಳ.

ಇಲ್ಲಿ ಒಂದು ವೈಪರೀತ್ಯವನ್ನು ಎತ್ತಿ ತೋರಿಸಬೇಕಾಗಿದೆ. ಕರಾರಿನಲ್ಲಿ ಬರೆದದ್ದು ವರ ಕೊಡಬೇಕಾದ ಮೆಹರ್. ಬರೆಯದೆ ನಡೆಯುವುದು ವಧುವಿನ ಕಡೆಯವರು ಕೊಡುವ ‘ಜೋಡೆ ಕಿ ರಖಂ’, ಜಹೇಜ್ ಮುಂತಾದ ‘ಲೇನ್-ದೇನ್’. ಶಾಸ್ತ್ರದ ಮೊತ್ತ ಚಿಕ್ಕದು ಮತ್ತು ಮುಂದೂಡಿದ್ದು. ಶಾಸ್ತ್ರದಲ್ಲಿಲ್ಲದ ಮೊತ್ತ ದೊಡ್ಡದು ಮತ್ತು ನಗದು. 1961ರ ವರದಕ್ಷಿಣೆ ನಿಷೇಧ ಕಾಯ್ದೆ ಮೆಹರನ್ನು ವರದಕ್ಷಿಣೆಯ ವ್ಯಾಖ್ಯೆಯಿಂದ ಹೊರಗಿಟ್ಟಿತು, ಜಹೇಜಿನ ಬೇಡಿಕೆಯನ್ನಲ್ಲ. ಈ ವಿಷಯದಲ್ಲಿ ಹನಫಿ, ಶಾಫಿ ಎಂಬ ಭೇದವಿಲ್ಲದೆ ಎಲ್ಲ ಸಮುದಾಯಗಳೂ ಒಂದಾಗಿರುವುದು ವಿಷಾದದ ಸಂಗತಿ.

9. ನ್ಯಾಯಾಲಯ ಮತ್ತು ಶಾಸನ

ಏಕೀಕರಣಕ್ಕೆ ಮೊದಲು ಇಂದಿನ ಕರ್ನಾಟಕ ಹಲವು ಆಡಳಿತಗಳಲ್ಲಿ ಹಂಚಿಹೋಗಿತ್ತು. ಮಾಸೂರು ಮತ್ತು ಭಟ್ಕಳ ಬೊಂಬಾಯಿ ಪ್ರಾಂತ್ಯದಲ್ಲಿ, ಮಂಗಳೂರು ಮದ್ರಾಸಿನಲ್ಲಿ, ಕಲಬುರ್ಗಿ ನಿಜಾಮನ ಹೈದರಾಬಾದಿನಲ್ಲಿ, ಅಲೀಪುರ ಮೈಸೂರಿನಲ್ಲಿ ಇದ್ದವು. ಬ್ರಿಟಿಷ್ ನ್ಯಾಯಾಲಯಗಳು ಹನಫಿಗಳಿಗೆ ‘ಹಿದಾಯಾ’ ಮತ್ತು ‘ಫತಾವಾ ಆಲಂಗೀರಿ’ಯನ್ನೂ, ಶಾಫಿಗಳಿಗೆ ನವವಿಯವರ (ನಿಧನ 1277) ‘ಮಿನ್‌ಹಾಜ್’ ಅನ್ನೂ, ಶಿಯಾಗಳಿಗೆ ಹಿಲ್ಲಿಯವರ (ನಿಧನ 1277) ‘ಶರಾಯಿಉಲ್ ಇಸ್ಲಾಂ’ ಕೃತಿಯನ್ನೂ ಆಧರಿಸಿದವು. ಸುನ್ನಿಯೊಬ್ಬ ಬೇರೆ ಪಂಥದವನೆಂದು ರುಜುವಾತಾಗದಿದ್ದರೆ ಹನಫಿಯೆಂದೇ ಗ್ರಹಿಸುವ ರೂಢಿಯೂ ಬೆಳೆಯಿತು.

1864ರಲ್ಲಿ ಬೊಂಬಾಯಿ ಹೈಕೋರ್ಟಿನ ಮುಂದೆ ಬಂದ ಮೊಕದ್ದಮೆಯೊಂದು ನಮ್ಮ ಚರ್ಚೆಗೆ ನೇರವಾಗಿ ಸಂಬಂಧಿಸಿದೆ. ಶಾಫಿ ಕುಟುಂಬದ ಪ್ರಾಪ್ತ ಕನ್ಯೆ ತಂದೆಯ ಒಪ್ಪಿಗೆಯಿಲ್ಲದೆ ಹನಫಿ ಪಂಥದಂತೆ ಮದುವೆಯಾದುದು ಸಿಂಧುವೇ ಎಂಬುದು ಪ್ರಶ್ನೆ. ಪ್ರಾಪ್ತ ವಯಸ್ಸಿಗೆ ಬಂದ ಸ್ತ್ರೀ ನಾಲ್ಕು ಸುನ್ನಿ ಪಂಥಗಳಲ್ಲಿ ತನಗೆ ಬೇಕಾದುದನ್ನು ಆರಿಸಿಕೊಳ್ಳಬಹುದು, ಅನಂತರದ ಅವಳ ಕಾರ್ಯಗಳಿಗೆ ಆ ಪಂಥವೇ ಅನ್ವಯಿಸುತ್ತದೆ ಎಂದು ನ್ಯಾಯಾಲಯ ತೀರ್ಮಾನಿಸಿತು. ಘಟ್ಟದ ಮೇಲಿನ ಹನಫಿಗೂ ಕೆಳಗಿನ ಶಾಫಿಗೂ ನಡುವಿನ ಸಂಬಂಧಗಳಿಗೆ ಈ ತೀರ್ಪಿನ ಅರ್ಥ ಬಹು ವಿಸ್ತಾರವಾದುದು. ಮದುವೆಯಿಂದ ಹೆಂಡತಿಯ ಪಂಥ ಗಂಡನ ಪಂಥಕ್ಕೆ ಬದಲಾಗುವುದಿಲ್ಲವೆಂಬ ತತ್ತ್ವವೂ ಸ್ಥಿರಪಟ್ಟಿದೆ.

1880ರ ಖಾಜಿಗಳ ಕಾಯ್ದೆ ಖಾಜಿಯ ನೇಮಕಕ್ಕೆ ಅವಕಾಶ ಕೊಟ್ಟರೂ ನಿಕಾಹ್‌ಗೆ ಖಾಜಿಯ ಹಾಜರಿ ಅನಿವಾರ್ಯವಲ್ಲವೆಂದು ಸ್ಪಷ್ಟಪಡಿಸಿತು. 1937ರ ಶರೀಅತ್ ಅನ್ವಯ ಕಾಯ್ದೆ ರೂಢಿಯ ಸ್ಥಾನದಲ್ಲಿ ಶರೀಅತ್ತನ್ನು ತಂದಿತು. 1939ರ ಮುಸ್ಲಿಂ ವಿವಾಹ ವಿಸರ್ಜನ ಕಾಯ್ದೆಯ ಹಿನ್ನೆಲೆ ಸ್ವಾರಸ್ಯಕರವಾಗಿದೆ. ಗಂಡ ಕಾಣೆಯಾದರೂ ಜೀವನಾಂಶ ಕೊಡದಿದ್ದರೂ ಹನಫಿ ಪಂಥದಲ್ಲಿ ಹೆಂಡತಿಗೆ ಬಿಡುಗಡೆಯ ದಾರಿ ಅತ್ಯಲ್ಪವಾಗಿತ್ತು. ಹನಫಿ ವಿದ್ವಾಂಸರೇ, ವಿಶೇಷವಾಗಿ ಮೌಲಾನಾ ಅಶ್ರಫ್ ಅಲಿ ಥಾನವಿ ಅವರು, ಮಾಲಿಕಿ ಪಂಥದ ನಿಯಮಗಳನ್ನು ಎರವಲು ಪಡೆಯಬಹುದೆಂದು ಪ್ರತಿಪಾದಿಸಿದರು. ಅದರಂತೆ ಗಂಡ 4 ವರ್ಷ ಕಾಣೆಯಾದರೆ, 2 ವರ್ಷ ಜೀವನಾಂಶ ಕೊಡದಿದ್ದರೆ, ಕ್ರೂರವಾಗಿ ನಡೆದುಕೊಂಡರೆ ಹೆಂಡತಿ ನ್ಯಾಯಾಲಯದ ಮೊರೆಹೋಗುವ ಹಕ್ಕು ಬಂದಿತು. ಮಾಲಿಕಿ ಸಮುದಾಯವೇ ಇಲ್ಲದ ಮಾಸೂರಿನ ಹೆಣ್ಣಿಗೂ ಹೀಗೆ ಮದೀನಾದ ಇಮಾಮರ ಪಂಥದಿಂದ ರಕ್ಷಣೆ ದೊರೆತಿದೆ.

2006ರಲ್ಲಿ ಸರ್ವೋಚ್ಚ ನ್ಯಾಯಾಲಯ ಎಲ್ಲ ಧರ್ಮೀಯರ ವಿವಾಹ ನೋಂದಣಿ ಕಡ್ಡಾಯವಾಗಬೇಕೆಂದಿತು. 2017ರಲ್ಲಿ ಒಂದೇ ಸಲದ ಮೂರು ತಲಾಖನ್ನು ಅಸಿಂಧುಗೊಳಿಸಿತು. 2019ರ ಕಾಯ್ದೆ ಅದನ್ನು ಅಪರಾಧವಾಗಿಸಿತು. 2021ರ ಅಕ್ಟೋಬರಿನಲ್ಲಿ ಕರ್ನಾಟಕ ಹೈಕೋರ್ಟು, 5,000 ರೂಪಾಯಿ ಮೆಹರ್‌ನ ನಿಕಾಹ್ ಒಂದು 1991ರಲ್ಲಿ ತಲಾಖಿನಲ್ಲಿ ಕೊನೆಗೊಂಡ ಪ್ರಕರಣವನ್ನು ಪರಿಶೀಲಿಸಿತು. ನಿಕಾಹ್ ಸಂಸ್ಕಾರವಲ್ಲದೆ ಹಲವು ಅರ್ಥಛಾಯೆಗಳುಳ್ಳ ಕರಾರು, ಆದರೆ ಅದು ಮುರಿದುಬಿದ್ದ ಮಾತ್ರಕ್ಕೆ ಅದರಿಂದ ಹುಟ್ಟಿದ ಹೊಣೆಗಳು ಅಳಿಯುವುದಿಲ್ಲ ಎಂಬುದು ನ್ಯಾಯಾಲಯದ ನಿಲುವು.

10. ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ನಿಕಾಹ್ ಕರಾರು ಏಕರೂಪದ್ದಲ್ಲ. ವಲಿಯ ವಿಷಯದಲ್ಲಿ ಹನಫಿ ಪಂಥ, ಷರತ್ತಿನ ವಿಷಯದಲ್ಲಿ ಹಂಬಲಿ ಪಂಥ, ವಿಚ್ಛೇದನದ ವಿಷಯದಲ್ಲಿ ಮಾಲಿಕಿ ಪಂಥ, ತಲಾಖಿನ ಸಾಕ್ಷಿಯ ವಿಷಯದಲ್ಲಿ ಜಾಫರಿ ಪಂಥ, ಮೆಹರ್‌ನ ಖಚಿತ ಗಡುವಿನ ವಿಷಯದಲ್ಲಿ ಶಾಫಿ ಪಂಥ ಹೆಣ್ಣಿಗೆ ಹೆಚ್ಚು ಅನುಕೂಲವಾಗಿವೆ. ಎಲ್ಲ ಅನುಕೂಲಗಳೂ ಒಂದೇ ಪಂಥದಲ್ಲಿಲ್ಲ. ಎರಡನೆಯದಾಗಿ, ಪಂಥದ ನಿಯಮಕ್ಕೂ ಸಮುದಾಯದ ಆಚರಣೆಗೂ ನಡುವೆ ಅಂತರವಿದೆ. ಕೆಲವೆಡೆ ರೂಢಿಯು ಶಾಸ್ತ್ರ ಕೊಟ್ಟದ್ದನ್ನು ಕಿತ್ತುಕೊಂಡಿದೆ, ಕೆಲವೆಡೆ ಶಾಸ್ತ್ರ ಕೊಡದುದನ್ನು ಸೇರಿಸಿದೆ. ಮೂರನೆಯದಾಗಿ, ಪಂಥದಿಂದ ಪಂಥಕ್ಕೆ ನಿಯಮಗಳನ್ನು ಎರವಲು ಪಡೆಯುವ ಕ್ರಮ ಹೊಸದಲ್ಲ, ಸಂಪ್ರದಾಯಸ್ಥ ವಿದ್ವಾಂಸರೇ ಅದನ್ನು ಮಾಡಿ ತೋರಿಸಿದ್ದಾರೆ.

ನಮ್ಮ ಜಾನಪದ ಸಂಶೋಧಕರು ಮದುವೆಯ ಹಾಡುಗಳನ್ನು ಸಂಗ್ರಹಿಸುವ ಆಸ್ಥೆಯಿಂದಲೇ ಮಸೀದಿಗಳ, ಜಮಾತುಗಳ ಹಳೆಯ ನಿಕಾಹ್ ದಫ್ತರಗಳತ್ತಲೂ ಗಮನ ಹರಿಸಬೇಕಾಗಿದೆ. ಯಾವ ಕಾಲದಲ್ಲಿ ಮೆಹರ್ ಎಷ್ಟಿತ್ತು, ಯಾವ ರೂಪದಲ್ಲಿತ್ತು, ಬಾಕಿಯೋ ನಗದೋ, ವಕೀಲನಾಗಿ ನಿಂತವರು ಯಾರು, ಹೆಣ್ಣಿನ ರುಜು ಅಥವಾ ಹೆಬ್ಬೆರಳ ಗುರುತು ಇದೆಯೇ ಎಂಬ ವಿವರಗಳು ಅಲ್ಲಿವೆ. ಕಾಗದ ಜೀರ್ಣವಾಗುವ ಮುನ್ನ ಈ ದಫ್ತರಗಳ ಸಂಗ್ರಹ ಮತ್ತು ತೌಲನಿಕ ಅಧ್ಯಯನ ನಡೆದರೆ ಕರ್ನಾಟಕದ ಮುಸ್ಲಿಂ ಮಹಿಳೆಯರ ಸಾಮಾಜಿಕ ಚರಿತ್ರೆಗೆ ವಿಶ್ವಾಸಾರ್ಹವಾದ ಆಕರ ಸಾಮಗ್ರಿ ಒದಗುತ್ತದೆ.